ಒಂಟಿ ಡಿಸ್ಕಿಗೆ ಬಾಗಿಲು

ಏನಾಗಿರಬಹುದು, ಊಹಿಸಿ ನೋಡೋಣ! ಬಿಡಿಭಾಗ ತಂದು ನಾನೇ ಜೋಡಿಸಿದ ಕಂಪ್ಯೂಟರು. ಸೆಟ್ಟಿಂಗ್ ನೆನಪಿಡುವ ಬಟನ್ ಸೆಲ್ ಮುಗಿದಿತ್ತು, ಹೊಸದು ಹಾಕಿದೆ. ಆಮೇಲೆ ಯಂತ್ರ ಏಳಲೇ ಇಲ್ಲ. ರಿಪೇರಿಯ ಜುಲೇಖಾ ಬಂದು, "ಅಂಕಲ್, ಡಿಸ್ಕ್ ಸತ್ತಿದೆ, ಬಿಸಾಕಿ" ಎಂದಳು. ತೀರಿಕೊಂಡ ನನ್ನ ಹೆಂಡತಿಯ ದನಿ ಇದ್ದದ್ದು ಅದೊಂದರಲ್ಲೇ.

ಪೆಟ್ಟಿಗೆಯೊಳಗೆ ನಡೆದದ್ದೇ ಬೇರೆ. ಡಿಸ್ಕುಗಳನ್ನು ಒಳಬಿಡುವ ಕಂಟ್ರೋಲರಿನ ಬಾಗಿಲನ್ನು ನಮ್ಮ ಡಿಸ್ಕ್ ತಟ್ಟುತ್ತಿತ್ತು.

"ಕಂಟ್ರೋಲರ್ ಸ್ವಾಮಿ, ನಾನು ಬಂದಿದ್ದೇನೆ."

"ಜೊತೆಗಾರ ಎಲ್ಲಿ? ಇಲ್ಲಿ ಜೋಡಿ ಡಿಸ್ಕುಗಳಿಗೆ ಮಾತ್ರ ಪ್ರವೇಶ."

"ಒಂಬತ್ತು ವರ್ಷದಿಂದ ಒಬ್ಬನೇ ಬರುತ್ತಿದ್ದೇನಲ್ಲ!"

"ನೆನಪಿಲ್ಲ. ಫ್ಯಾಕ್ಟರಿಯಲ್ಲಿ ಹೇಳಿಕೊಟ್ಟದ್ದಷ್ಟೇ ನನಗೆ ಗೊತ್ತು."

ಫ್ಯಾನ್ ನಕ್ಕಿತು: "ಸೆಲ್ ಕಿತ್ತಾಗ ನೆನಪು ಹೋದದ್ದು ನಿನಗೆ, ಸತ್ತವನು ಮಾತ್ರ ಅವನಂತೆ!"

ನಾನು ಬಿಡಲಿಲ್ಲ. ಸೆಟ್ಟಿಂಗ್ ಹುಡುಕಿ, ಜೋಡಿಗಿರುವ 'ರೇಡ್' ತೆಗೆದು, ಮೊದಲಿನಂತೆ ಒಂಟಿಗೆ ಒಗ್ಗುವ 'ಎಎಚ್‌ಸಿಐ' ಇಟ್ಟೆ. ಬಾಗಿಲು ತೆರೆಯಿತು.

"ಅರೆ, ಬದುಕಿದ್ದೀಯಾ?" ಎಂದಿತು ಕಂಟ್ರೋಲರ್.

"ಸತ್ತಿರಲಿಲ್ಲ ಸ್ವಾಮಿ. ಒಂಟಿಯಾಗಿದ್ದೆ, ಅಷ್ಟೇ."

ಸ್ಪೀಕರಿನಲ್ಲಿ ನನ್ನಾಕೆ ಕರೆದಳು: "ಎಷ್ಟು ಸಲ ಕೂಗಬೇಕ್ರೀ, ಊಟಕ್ಕೆ ಬನ್ನಿ!" ಯಂತ್ರದ ಗಡಿಯಾರವೂ ದಿನ ಮರೆತಿತ್ತು. ನಾನೇ ತುಂಬಿಸಿದೆ: 2025, ಜೂನ್ 11, ಬುಧವಾರ.