ಆಮೆಯ ಬೆನ್ನ ಮೇಲೆ ನಿಂತ ಭತ್ತ

ಹುಲಿಯನ್ನು ಓಡಿಸಿದ ಮೂರನೆಯ ವರ್ಷ, ಸುಗ್ಗಿಗೆ ಸ್ವಲ್ಪ ಮೊದಲು ಇದು ನಡೆಯಿತು. ಹಿಮಾಲಯದ ಆಚೆ, ಚೀನಾ ದೇಶದ ಒಂದು ಬಿದಿರು ಕಾಡಿನಲ್ಲಿ ಯಾಯಾ ಎಂಬ ಬಾತುಕೋಳಿ ತನ್ನ ಮರಿಗಳೊಂದಿಗೆ ವಾಸವಾಗಿತ್ತು.

ಹಿಂದೆ ಆ ಕಾಡಿನ ಗದ್ದೆಗಳೆಲ್ಲ ಹುಲಿಯವು. ಪ್ರಾಣಿಗಳು ಬೆಳೆದ ಭತ್ತವನ್ನೆಲ್ಲ ಹುಲಿಗೆ ಒಪ್ಪಿಸಬೇಕಿತ್ತು. ಹುಲಿ ಭತ್ತ ತಿನ್ನುವುದಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಅದು ಭತ್ತ ಕೊಡದವರನ್ನು ತಿನ್ನುತ್ತಿತ್ತು.

ಆಗ ಅದೇ ಕಾಡಿನ ಒಂದು ಪಾಂಡಾ ಎಲ್ಲರನ್ನೂ ಒಟ್ಟುಗೂಡಿಸಿತು. ಬೆಟ್ಟ ಹತ್ತಿಸಿತು, ಹೊಳೆ ದಾಟಿಸಿತು, ಕಾಲಿಗೆ ಬೊಬ್ಬೆ ಬರುವಷ್ಟು ನಡೆಸಿತು. ದಾರಿಯುದ್ದಕ್ಕೂ ಪ್ರಾಣಿಗಳು ಸೇರಿಕೊಂಡವು. ಕೊನೆಗೆ ಎಲ್ಲರೂ ಒಟ್ಟಿಗೆ ನುಗ್ಗಿದಾಗ ಹುಲಿ ಸಮುದ್ರಕ್ಕೆ ಹಾರಿ, ಈಜಿ, ದೂರದ ದ್ವೀಪ ಸೇರಿತು. ಅಂದಿನಿಂದ ಕಾಡಿನಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ. ಎಲ್ಲರೂ ಎಲ್ಲರಿಗೂ 'ಸಂಗಾತಿ'. ಮನೆಗೊಂದು ಗದ್ದೆ ಸಿಕ್ಕಿತು. ಯಾಯಾಳ ಮರಿಗಳು ಮೊದಲ ಬಾರಿ ಹೊಟ್ಟೆ ತುಂಬಿಸಿಕೊಂಡು ಮಲಗಿದವು.

ಪಾಂಡಾಗೆ ಅಷ್ಟು ಸಾಲಲಿಲ್ಲ. "ಬೇರೆ ಬೇರೆ ಗದ್ದೆ ಯಾಕೆ ಸಂಗಾತಿಗಳೇ? ಎಲ್ಲವೂ ಒಂದೇ ಗದ್ದೆ, ಎಲ್ಲರಿಗೂ ಒಂದೇ ಹಂಡೆ!" ಎಂದಿತು. ಪ್ರಾಣಿಗಳು ಬದುಗಳನ್ನು ಒಡೆದವು. ದೊಡ್ಡ ಹಂಡೆ ಒಲೆ ಏರಿತು. ಮೊದಲ ತಿಂಗಳು ಎಲ್ಲರೂ ತೇಗುವವರೆಗೆ ಉಂಡರು. ಆದರೆ ಕಳೆಯೂ ಎಲ್ಲರದಾಯಿತು. ಯಾರಾದರೂ ಕೀಳುತ್ತಾರೆ ಎಂದು ಎಲ್ಲರೂ ಕಾದರು. ಕಳೆ ಮಾತ್ರ ಯಾರಿಗೂ ಕಾಯದೆ ಬೆಳೆಯಿತು.

ಯಾಯಾಳ ಕಣಿವೆಗೆ ಫಾಂಗ್ ಎಂಬ ಕೋತಿ ಮುಖ್ಯಸ್ಥ. ಸುಗ್ಗಿಗೆ ಮುಂಚೆ ಪಾಂಡಾ ಎಲ್ಲ ಕಣಿವೆಗಳ ಮುಖ್ಯಸ್ಥರ ಸಭೆ ಕರೆಯಿತು.

"ನಮ್ಮಲ್ಲಿ ಈ ಸಲ ನೂರು ಮೂಟೆ!" ಎಂದಿತು ಮೊಲ. ಪಾಂಡಾ ಚಪ್ಪಾಳೆ ತಟ್ಟಿತು.

"ನಮ್ಮಲ್ಲಿ ಇನ್ನೂರು!" ಎಂದಿತು ಮೇಕೆ. ಪಾಂಡಾ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿತು.

ಫಾಂಗ್ ಕುರ್ಚಿಯ ಮೇಲೆ ಹತ್ತಿ ನಿಂತಿತು. "ಸಾವಿರ!"

ಪಾಂಡಾ ಓಡಿ ಬಂದು ಫಾಂಗ್‌ನ ಎದೆಗೆ ದೊಡ್ಡ ಕೆಂಪು ಕಾಗದದ ಹೂವು ಸಿಕ್ಕಿಸಿತು. "ಮುಂದಿನ ವಾರ ಬಂದು ಕಣ್ಣಾರೆ ನೋಡುತ್ತೇನೆ" ಎಂದಿತು.

ಫಾಂಗ್ ಕಣಿವೆಗೆ ಮರಳಿ ಅಪ್ಪಣೆ ಮಾಡಿತು: "ಎಲ್ಲ ಗದ್ದೆಗಳ ಪೈರು ಕಿತ್ತು ತನ್ನಿ. ದಾರಿ ಪಕ್ಕದ ಗದ್ದೆಯೊಂದರಲ್ಲೇ ಒತ್ತೊತ್ತಾಗಿ ನೆಡಿ!"

"ಸಂಗಾತಿ ಫಾಂಗ್, ಅಷ್ಟು ಒತ್ತಿದರೆ ಪೈರಿಗೆ ಗಾಳಿ ಆಡಲ್ಲ, ಬೇರು ಕೊಳೆಯುತ್ತೆ" ಎಂದಿತು ಯಾಯಾ. "ಇರುವುದೆಲ್ಲ ಬಡಿದರೂ ಇಪ್ಪತ್ತು ಮೂಟೆ ದಾಟಲ್ಲ. ಅದೂ ಹೋದರೆ ನನ್ನ ಮರಿಗಳು ಚಳಿಗಾಲದಲ್ಲಿ ಏನು ತಿನ್ನಬೇಕು?"

ಫಾಂಗ್ ಹುಬ್ಬು ಏರಿಸಿತು. "ನೀನು ಹುಲಿ ಕಡೆಯವಳಾ?"

ಆ ಕಾಡಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಯಾಯಾ ಗದ್ದೆಗಿಳಿದು ಪೈರು ಕೀಳತೊಡಗಿತು.

ಒಂದು ಗದ್ದೆಯಲ್ಲಿ ಇಡೀ ಕಣಿವೆಯ ಭತ್ತ ನಿಂತಿತು. ಗಾಳಿಗೆಂದು ಎರಡು ಅಳಿಲುಗಳು ಹಗಲೆಲ್ಲ ಬಾಳೆಲೆ ಬೀಸಿದವು. ಪಾಂಡಾ ಬರುವ ದಿನ ಫಾಂಗ್ ಆಮೆ ಅಜ್ಜನನ್ನು ಪೈರಿನ ನಡುವೆ ಒಂದು ಕಲ್ಲಿನ ಮೇಲೆ ಅಡಗಿಸಿ ಕೂರಿಸಿತು. ಅಜ್ಜನ ಬೆನ್ನ ಮೇಲೆ ಯಾಯಾಳ ಕಿರಿಯ ಮರಿ ಪಿಂಗ್‌ನನ್ನು ನಿಲ್ಲಿಸಿತು. ದಾರಿಯಿಂದ ನೋಡಿದರೆ ಮರಿ ತೆನೆಗಳ ಮೇಲೆಯೇ ನಿಂತಂತೆ ಕಾಣುತ್ತಿತ್ತು.

ಪಾಂಡಾ ಕಣ್ಣುಜ್ಜಿಕೊಂಡಿತು. "ಅಬ್ಬಾ! ಎಷ್ಟು ದಟ್ಟ! ಮಗೂ, ಕಾಲಡಿ ಏನಿದೆ?"

"ಆಮೆ ಅಜ್ಜ" ಎಂದಿತು ಪಿಂಗ್.

ಫಾಂಗ್ ಗಟ್ಟಿಯಾಗಿ ನಕ್ಕಿತು. "ಅದು ತಳಿಯ ಹೆಸರು ಸಂಗಾತಿ! ಈ ಭತ್ತಕ್ಕೆ 'ಆಮೆ ಅಜ್ಜ' ಅಂತಾರೆ!"

"ಒಳ್ಳೆಯ ತಳಿ!" ಎಂದಿತು ಪಾಂಡಾ. ತಳಿ ಒಮ್ಮೆ ಸೀನಿತು. ಪಾಂಡಾ ಗಮನಿಸಲಿಲ್ಲ. "ಸಾವಿರ ಮೂಟೆ ನೀವು ತಿಂದು ಮುಗಿಸುವುದುಂಟೆ? ಒಂಬೈನೂರನ್ನು ಇಡೀ ಕಾಡಿನ ದೊಡ್ಡ ಕಣಜಕ್ಕೆ ಕಳಿಸಿಬಿಡಿ. ನೂರು ನಿಮಗೆ ಧಾರಾಳ."

ಫಾಂಗ್‌ನ ಬಾಲ ನೆಟ್ಟಗಾಯಿತು. ಯಾಯಾ ಮನಸ್ಸಿನಲ್ಲೇ ಲೆಕ್ಕ ಹಾಕಿತು. ಕಣಜದ ಎತ್ತುಗಳು ಬಂದರೆ ಬಿತ್ತನೆ ಬೀಜವನ್ನೂ ಗುಡಿಸಿಕೊಂಡು ಹೋಗುತ್ತವೆ. ಮರಿಗಳಿಗೆ ಒಂದು ಕಾಳೂ ಉಳಿಯುವುದಿಲ್ಲ. ಸುಳ್ಳು ಎಂದು ಕೂಗಿದರೆ ಹುಲಿ ಕಡೆಯವಳು ಅನ್ನುತ್ತಾರೆ. ಕೊನೆಗೆ ಯಾಯಾ ವಿನಯದಿಂದ ಹೇಳಿತು:

"ಸಂಗಾತಿ ಪಾಂಡಾ, ಇಷ್ಟು ದೂರ ಬಂದಿದ್ದೀರಿ. ತಾವೂ ಒಮ್ಮೆ ಭತ್ತದ ಮೇಲೆ ಹತ್ತಿ ನಿಲ್ಲಬಾರದೇ?"

"ಬೇಡ ಬೇಡ! ಭತ್ತದ ತೆನೆಯ ಸುಂಕು ಚುಚ್ಚಿ ತುರಿಸುತ್ತೆ!" ಎಂದು ಫಾಂಗ್ ಅಡ್ಡ ಬಂತು.

"ಮಗುವಿಗೆ ತುರಿಸದ್ದು ನನಗೆ ತುರಿಸುತ್ತಾ?" ಎಂದು ಪಾಂಡಾ ಜಿಗಿಯಿತು. ಯಾಯಾ ಮರಿಯನ್ನು ಸರಕ್ಕನೆ ರೆಕ್ಕೆಗೆ ಎಳೆದುಕೊಂಡಿತು.

ದೊಪ್ಪನೆ ಸದ್ದಾಯಿತು. ಪಾಂಡಾ ಕುತ್ತಿಗೆವರೆಗೆ ಕೆಸರಿನಲ್ಲಿ ಹೂತುಹೋಯಿತು. ಪಕ್ಕದಲ್ಲೇ ಆಮೆ ಅಜ್ಜ ತಲೆ ಹೊರಗೆ ಹಾಕಿ, "ಆರೋಗ್ಯವೇ ಸಂಗಾತಿ?" ಎಂದು ಕೇಳಿತು.

ಕೊಳೆತ ಬೇರಿನ ನಾತ ಪಾಂಡಾದ ಮೂಗಿಗೆ ಬಡಿಯಿತು. ಅದು ತಲೆಯೆತ್ತಿ ಸುತ್ತ ನೋಡಿತು. ಉಳಿದ ಗದ್ದೆಗಳೆಲ್ಲ ಬೋಳು. ಫಾಂಗ್ ಮೆಲ್ಲಗೆ ಬಿದಿರು ಏರತೊಡಗಿತ್ತು. ಪಾಂಡಾದ ಜೊತೆ ಬಂದಿದ್ದ ಎತ್ತುಗಳು ಅದರ ಬಾಲ ಹಿಡಿದು ಕೆಳಗೆಳೆದವು. ಕೆಸರಿನಿಂದ ಎದ್ದುಬಂದ ಪಾಂಡಾ ಕೋತಿಯ ಎದೆಯ ಹೂವು ಕಿತ್ತು ತನ್ನ ಮುಖ ಒರೆಸಿಕೊಂಡಿತು.

"ಚಪ್ಪಾಳೆ ತಟ್ಟಿದ್ದು ನಾನೇ" ಎಂದು ಮೆಲ್ಲಗೆ ಗೊಣಗಿಕೊಂಡಿತು. ಅದು ಯಾಯಾಗೆ ಮಾತ್ರ ಕೇಳಿಸಿತು.

ಅಂಚಿನಲ್ಲಿದ್ದ ಸ್ವಲ್ಪ ಪೈರು ಉಳಿಯಿತು. ಅದನ್ನು ಬೀಜಕ್ಕೆ ಎತ್ತಿಟ್ಟರು. ಆ ಚಳಿಗಾಲ ಎಲ್ಲರೂ ಬಿದಿರಿನ ಬೇರು ಅಗೆದು ತಿಂದರು. ಯಾಯಾ ತನ್ನ ಪಾಲನ್ನು ಮರಿಗಳಿಗೆ ಕೊಟ್ಟು ಗರಿಯಷ್ಟು ಹಗುರಾಯಿತು.

ವಸಂತದಲ್ಲಿ ಅದು ಪಾಂಡಾದ ಬಳಿಗೆ ಹೋಯಿತು. "ಮನೆಗೊಂದು ಗದ್ದೆ ಮತ್ತೆ ಕೊಡಿ. ಕಣಜದ ಪಾಲು ಮೊದಲು ಕೊಡುತ್ತೇವೆ. ಮಿಕ್ಕಿದ್ದು ಬೆಳೆದವರಿಗೆ."

"ಇದು ಹುಲಿಯ ದಾರಿ ಅಲ್ಲವಾ?"

"ಹುಲಿ ನಮಗೇನನ್ನೂ ಮಿಗಿಸುತ್ತಿರಲಿಲ್ಲ."

ಪಾಂಡಾ ಬಹಳ ಹೊತ್ತು ಕಿವಿ ಕೆರೆದುಕೊಂಡಿತು. "ಆಯಿತು. ಆದರೆ ಹೊಸ ದಾರಿ ಅನ್ನಬೇಡಿ. ಹಳೆಯ ದಾರಿಯನ್ನೇ ಸ್ವಲ್ಪ ಅಗಲ ಮಾಡಿದ್ದೇವೆ ಅನ್ನಿ."

ಪ್ರಾಣಿಗಳು ಹಾಗೇ ಅಂದವು. ಹಾಗಂದು, ತಂತಮ್ಮ ಗದ್ದೆಯ ಕಳೆ ಕಿತ್ತವು. ಫಾಂಗ್‌ಗೂ ಒಂದು ಗದ್ದೆ ಸಿಕ್ಕಿತು. ಜೀವನದಲ್ಲಿ ಮೊದಲ ಬಾರಿ ಕಳೆ ಕೀಳಲು ಇಳಿದ ಅದು ಪೈರನ್ನೆಲ್ಲ ಕಿತ್ತು ಕಳೆಯನ್ನು ಉಳಿಸಿತು.

ಸುಗ್ಗಿಯಲ್ಲಿ ಪಾಂಡಾ ಬಂದು ಲೆಕ್ಕ ಕೇಳಿತು. ಚಪ್ಪಾಳೆ ತಟ್ಟದಿರಲೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿತ್ತು. ಫಾಂಗ್ ಬಾಯಿ ತೆರೆಯಿತು, ಮತ್ತೆ ಮುಚ್ಚಿತು. ಯಾಯಾ ಇಡೀ ಕಣಿವೆಯ ಮೂಟೆಗಳನ್ನು ಎಣಿಸಿ ಹೇಳಿತು. ಮೂವತ್ತೊಂದು.

ನೀತಿ: ಮೆಚ್ಚಿಸಲು ಹೇಳಿದ ಸುಳ್ಳು ಲೆಕ್ಕಕ್ಕೆ ಚಪ್ಪಾಳೆ ಸಿಗುತ್ತದೆ, ಊಟ ಸಿಗುವುದಿಲ್ಲ.