ಬಾಲದಿಂದ ಮೊನೆಗೆ ಬಂದ ಸೀಗವ್ವ

ಕಪ್ಪು ಮಣ್ಣಿನ ಹೊಲಗಳ ನಡುವೆ ಹುಲ್ಲಕೆರೆ ಎಂಬ ದೊಡ್ಡ ಕೆರೆ ಇದೆ, ಮಕ್ಕಳೇ. ಚಳಿಗಾಲ ಬಂತೆಂದರೆ ಅಲ್ಲಿ ಹೆಬ್ಬಾತುಗಳದೇ ಗಲಾಟೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕರಿ ಪಟ್ಟೆ. ಹಿಮದ ಬೆಟ್ಟಗಳ ಆಚೆಯ ಸರೋವರದಲ್ಲಿ ಹುಟ್ಟುವ ಈ ಹಕ್ಕಿಗಳು ಅಲ್ಲಿನ ಚಳಿ ತಡೆಯಲಾರದೆ ನಮ್ಮ ಕಡೆ ಬರುತ್ತವೆ. ಹೊಲದಲ್ಲಿ ಉಳಿದ ಶೇಂಗಾ, ಕಡಲೆ ಮೇಯ್ದು ದುಂಡಗಾಗುತ್ತವೆ. ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೊರಟಾಗ ತಾವೂ ಊರಿಗೆ ಹೊರಡುತ್ತವೆ.

ಹಾರುವಾಗ ಅವು ಬಾಣದ ಮೊನೆಯಂತೆ ಸಾಲುಗಟ್ಟುತ್ತವೆ. ಮೊನೆಯಲ್ಲಿ ಒಬ್ಬರು, ಹಿಂದೆ ಎಡಕ್ಕೊಂದು ಬಲಕ್ಕೊಂದು ಸಾಲು. ಮೊನೆಯಲ್ಲಿದ್ದವರು ಗಾಳಿಯನ್ನು ಸೀಳಿಕೊಂಡು ಹೋದರೆ ಹಿಂದಿನವರಿಗೆ ಹಾರುವುದು ಹಗುರ.

ಮೊನೆಯಲ್ಲಿ ಯಾರಿರಬೇಕು? ಅದಕ್ಕೊಂದು ಪದ್ಧತಿ ಇತ್ತು. ಹೊರಡುವ ಹಿಂದಿನ ದಿನ ಗಂಡು ಬಾತುಗಳು ಒಂದೊಂದಾಗಿ ಕೆರೆಯ ತೂಬಿನ ಕಲ್ಲು ಹತ್ತಿ ಕೂಗಬೇಕು. ಯಾರ ಕೂಗು ಹೆಚ್ಚು ಹೊತ್ತು ನಿಲ್ಲುತ್ತದೋ ಅವನೇ ಊರು ಮುಟ್ಟುವ ತನಕ ಮೊನೆಯಲ್ಲಿ. ಹೆಣ್ಣುಗಳೆಲ್ಲ ಬಾಲದಲ್ಲಿ. ಕೂಗಿಗೂ ಹಾರಾಟಕ್ಕೂ ಏನು ಸಂಬಂಧ ಎಂದು ನನ್ನನ್ನು ಕೇಳಬೇಡಿ. ನಾನೂ ಕೇಳಿ ಕೇಳಿ ಸುಸ್ತಾಗಿದ್ದೇನೆ.

ಈ ಹಿಂಡಿನಲ್ಲಿ ಸೀಗವ್ವ ಎಂಬ ಹೆಣ್ಣು ಬಾತು ಇದ್ದಳು. ಅವಳ ಅಜ್ಜಿ ಹೊಳೆವ್ವ ತನ್ನ ಕಾಲದಲ್ಲಿ ನೀರಿನಲ್ಲಿ ನಿಂತೇ ಎಲ್ಲ ಗಂಡುಗಳಿಗಿಂತ ಹೆಚ್ಚು ಹೊತ್ತು ಕೂಗಿದ್ದಳು. "ನೀರಾಗ ನಿಂತು ಕೂಗಿದ್ದು ಲೆಕ್ಕಕ್ಕಿಲ್ಲ. ಕಲ್ಲು ಹತ್ತಿ ಕೂಗಬೇಕು, ಹೆಣ್ಣು ಕಲ್ಲು ಹತ್ತಬಾರದು" ಎಂದರು ಹಿರಿಯರು. ಎಷ್ಟು ಚೆಂದದ ನ್ಯಾಯ! ಸೀಗವ್ವನ ತಾಯಿ ತಂಗೆವ್ವ ದಿಟ್ಟೆ. ಕಲ್ಲು ಹತ್ತಿಯೇ ಕೂಗಿದಳು, ಗೆದ್ದಳು. ಆಗ ಹಿರಿಯರು, "ಮೊಟ್ಟಿ ಇಡಾಕಿಗೆ ಗಾಳಿ ಸೀಳೋ ಎದಿ ಎಲ್ಲಿಂದ ಬರಬೇಕು?" ಎಂದು ಹೊಸ ಕಾರಣ ಹುಡುಕಿದರು. ಜಗಳವಾಡಿ ಆಡಿ ಕೊನೆಗೆ ಅವಳಿಗೆ ಸಿಕ್ಕಿದ್ದು ಬಾಲದಿಂದ ಮೂರನೆಯ ಜಾಗ. ಅಷ್ಟು ಕೊಟ್ಟಿದ್ದಕ್ಕೇ ಗಂಡುಗಳು ಎರಡು ಚಳಿಗಾಲ ಬೀಗಿದವು.

ಈಗ ತಂಗೆವ್ವನಿಗೆ ಮುಪ್ಪು. ಆದರೂ ಪ್ರತಿ ವರ್ಷ ಮಗಳ ಮುಂದೆಯೇ ಹಾರುತ್ತಿದ್ದಳು.

ಈ ವರ್ಷ ಕಲ್ಲಿನ ಮೇಲೆ ಗೆದ್ದವನು ಕಹಳೆರಾಯ. ದಪ್ಪ ಕೊರಳು, ಅದಕ್ಕಿಂತ ದಪ್ಪ ಜಂಬ. ಅವನು ಕಲ್ಲಿನಿಂದ ಇಳಿಯುವ ಮೊದಲೇ ಸೀಗವ್ವ ಎದುರು ಬಂದು ನಿಂತಳು.

"ರಾಯಪ್ಪ, ಒಂದು ಮಾತು. ನಾಲ್ಕು ವರ್ಷ ನಾನು ಬಾಲದಾಗ ಹಾರೀನಿ. ಅಲ್ಲಿಂದ ಇಡೀ ಸಾಲು ಕಾಣತೈತಿ. ಮೂರು ದಿನ ಆತಂದ್ರ ಮೊನ್ಯಾಗಿದ್ದವನ ರೆಕ್ಕಿ ತಾಳ ತಪ್ಪತೈತಿ. ಅವನ ಹಿಂದ ಎಲ್ಲಾರೂ ಜೋಲಿ ಹೊಡಿತಾರ. ಈ ಸಲ ಮೊನಿಗೆ ಎಲ್ಲಾರೂ ಪಾಳಿ ಪ್ರಕಾರ ಬರೋಣ. ನಮಗೂ ಒಂದು ಪಾಳಿ ಕೊಡು."

ಕಹಳೆರಾಯ ಗಹಗಹಿಸಿ ನಕ್ಕ. "ಪಾಳಿ ಹಚ್ಚಾಕ ಇದೇನು ನೀರಿನ ಬಾವೀನ? ಇದು ಗದ್ದಿಗಿ. ಹತ್ತಿದವನು ಇಳಿಯೂದಿಲ್ಲ. ಹೆಂಗಸರ ಬುದ್ಧಿ ಮೊಣಕಾಲ ಕೆಳಗ ಅಂತ ಸುಮ್ಮನ ಅಂದಾರೇನು?"

"ನಮ್ಮ ಮೊಣಕಾಲ ಕೆಳಗ ಈಜೋ ಪಾದ ಅದಾವಪ್ಪ. ಬುದ್ಧಿನೂ ಅಲ್ಲೇ ಇದ್ರ ಚಲೋನ ಆತು, ಮುಳುಗೂದಿಲ್ಲ" ಎಂದಳು ಸೀಗವ್ವ.

ಹೆಣ್ಣುಗಳು ನಕ್ಕವು. ಮರಿಗಂಡುಗಳೂ ನಕ್ಕವು, ಹಿರಿಯರು ಗುರಾಯಿಸಿದ ಮೇಲೆ ಸುಮ್ಮನಾದವು. ಸೀಗವ್ವನಿಗೆ ಮಾತ್ರ ನಗು ಬರಲಿಲ್ಲ. ಅವಳಿಗೆ ಬಹಳ ಸಿಟ್ಟು ಬಂದಿತ್ತು.

ಮರುದಿನ ಹಿಂಡು ಹೊರಟಿತು. ಮೊದಲ ದಿನ ಕಹಳೆರಾಯ ಹಾರುತ್ತಲೂ ಕೂಗಿದ. ಎರಡನೆಯ ದಿನ ಕೂಗು ಸಣ್ಣದಾಯಿತು. ನಾಲ್ಕನೆಯ ದಿನ ಕೂಗೇ ಇಲ್ಲ. ಏಳನೆಯ ದಿನ ಹಿಮದ ಬೆಟ್ಟಗಳು ಎದುರಾದಾಗ ಅವನ ಬಲರೆಕ್ಕೆ ಎಡರೆಕ್ಕೆಯ ಮಾತು ಕೇಳುತ್ತಿರಲಿಲ್ಲ.

ಬೆಟ್ಟಗಳ ನಡುವೆ, ಎತ್ತರದಲ್ಲಿ, ಒಂದೇ ಒಂದು ಸಂದು ಇತ್ತು. ಆಚೆಗೆ ದಾಟಲು ಬೇರೆ ದಾರಿಯಿಲ್ಲ. ಆ ಸಂದಿನಿಂದ ಗಾಳಿ ಎದುರಿಗೇ ಬಡಿಯುತ್ತಿತ್ತು. ಕಹಳೆರಾಯ ಒಮ್ಮೆ ಮೇಲೇರಲು ನೋಡಿದ, ಆಗಲಿಲ್ಲ. ಇನ್ನೊಮ್ಮೆ ನೋಡಿದ, ಆಗಲಿಲ್ಲ. ಆಗ ಸೋತೆ ಎನ್ನಲು ನಾಚಿ, ಎಡಕ್ಕಿದ್ದ ಕಣಿವೆಯತ್ತ ಇಳಿಯತೊಡಗಿದ. ಅಲ್ಲಿ ಗಾಳಿ ಕಡಿಮೆ. ಆದರೆ ಆ ಕಣಿವೆಯ ಆ ತುದಿಗೆ ಹಿಮದ ಗೋಡೆಯಿದೆ, ಆಚೆಗೆ ದಾರಿಯಿಲ್ಲ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, "ಇದು ಹತ್ತಿರದ ದಾರಿ!" ಎಂದು ಕೂಗಿದ.

ತಂಗೆವ್ವ ಏದುಸಿರು ಬಿಡುತ್ತ ಮಗಳ ಕಡೆ ನೋಡಿದಳು. "ಸೀಗಿ, ಅಲ್ಲಿ ಇಳಿದ್ರ ತಿರುಗಿ ಮ್ಯಾಲ ಏರೋ ಶಕ್ತಿ ನನಗಿಲ್ಲ. ಮರಿಗಳಿಗೂ ಇಲ್ಲ."

"ಏನು ಮಾಡ್ಲಿ, ಅವ್ವಾ?"

"ನನ್ನನ್ನ ಕೇಳ್ತಿಯೇನು? ನಿನ್ನ ರೆಕ್ಕಿ ಕೇಳು. ಹೋಗು!"

ಸೀಗವ್ವ ಸಾಲು ಬಿಟ್ಟಳು. ಬೇರೆಯವರು ಸೀಳಿಕೊಟ್ಟ ಹಗುರ ಗಾಳಿಯಿಂದ ಹೊರಗೆ ಬಂದಾಗ ಎದೆಗೆ ಗುದ್ದಿದ ಹಾಗಾಯಿತು. ಅವಳಿಗೆ ಭಯವಾಯಿತು ಮಕ್ಕಳೇ, ಸುಳ್ಳು ಯಾಕೆ ಹೇಳಲಿ. ಆದರೂ ಒಂದೊಂದೇ ಹಕ್ಕಿಯನ್ನು ದಾಟಿ ಮೊನೆಯ ಪಕ್ಕಕ್ಕೆ ಬಂದಳು.

"ಹಿಂದಕ್ಕ ಹೋಗು! ಅದು ನಿನ್ನ ಜಾಗ!" ಎಂದ ಕಹಳೆರಾಯ.

"ಹಿಂದಿನವರೆಲ್ಲಾ ಬೀಳಾಕ ಹತ್ಯಾರ. ಹಿಂದ ಜಾಗ ಎಲ್ಲಿ ಉಳದೈತಿ?" ಎಂದವಳೇ ಸೀಗವ್ವ ಬಲಕ್ಕೆ ತಿರುಗಿ, ಸಂದಿನ ಕಡೆ ಮೇಲೇರಿದಳು.

ಹಿಂಡು ಗೊಂದಲಕ್ಕೆ ಬಿತ್ತು. ಯಾರ ಹಿಂದೆ ಹೋಗುವುದು? ಮೊದಲು ತಂಗೆವ್ವ ತಿರುಗಿದಳು. ಅವಳ ಹಿಂದೆ ಹೆಣ್ಣುಗಳು, ಅವರ ಹಿಂದೆ ಮರಿಗಳು, ಕೊನೆಗೆ ಗಂಡುಗಳೂ. ಕಹಳೆರಾಯ ತಿರುಗಿ ನೋಡಿದರೆ ಹಿಂದೆ ಬರೀ ಗಾಳಿ. ಬೇರೆ ದಾರಿಯಿಲ್ಲದೆ ಅವನೂ ಬಂದು ಬಾಲ ಹಿಡಿದ.

ಸೀಗವ್ವ ನೂರು ಸಲ ರೆಕ್ಕೆ ಬಡಿದಳು. ರೆಕ್ಕೆಯ ಬುಡ ಉರಿಯಿತು. ನಾನೇ ಕೊನೆಯ ತನಕ ಎಂದು ಅವಳು ಹಟ ಹಿಡಿಯಲಿಲ್ಲ. ಪಕ್ಕಕ್ಕೆ ಸರಿದು ಹಿಂದಿನ ಹೆಣ್ಣಿಗೆ ಹೇಳಿದಳು, "ಇನ್ನು ನಿನ್ನ ಪಾಳಿ."

"ನಾ ಒಮ್ಮಿನೂ ಮುಂದ ಹಾರಿಲ್ಲಕ್ಕಾ!"

"ನಾನೂ ಇವತ್ತ ಮೊದಲು ಹಾರೀನಿ. ಬಾ."

ಅವಳೂ ನೂರು ಸಲ ರೆಕ್ಕೆ ಬಡಿದಳು. ಅವಳ ನಂತರದ ಪಾಳಿ ಒಂದು ಗಂಡಿನದು. ಅವನು ಹಿಂಜರಿದ. "ನಾ ಕಲ್ಲಿನ ಮ್ಯಾಲ ಸೋತವನು. ನನ್ನ ಕೂಗು ಸಣ್ಣದು."

"ನಿನಗ ಕೂಗು ಅಂದವರು ಯಾರು? ಹಾರು!" ಎಂದಳು ಸೀಗವ್ವ.

ಹೀಗೆ ಹೆಣ್ಣು, ಗಂಡು, ಮತ್ತೆ ಹೆಣ್ಣು ಎಂದು ಪಾಳಿಯಲ್ಲಿ ಏರುತ್ತ ಏರುತ್ತ ಹಿಂಡು ಸಂದು ದಾಟಿತು. ಒಂದು ಮರಿಯೂ ಹಿಂದೆ ಉಳಿಯಲಿಲ್ಲ. ಬಾಲದಲ್ಲಿದ್ದ ಕಹಳೆರಾಯನಿಗೆ ಮೆಲ್ಲಗೆ ಉಸಿರು ಬಂತು. ಇಷ್ಟು ವರ್ಷ ಮುಂದೆಯೇ ಇದ್ದವನಿಗೆ ಅಲ್ಲಿಂದ ಇಡೀ ಸಾಲು ಕಂಡಿದ್ದು ಅದೇ ಮೊದಲು.

"ಸೀಗವ್ವಾ," ಎಂದು ಕೂಗಿದ, ಈ ಸಲ ಸಣ್ಣ ದನಿಯಲ್ಲಿ, "ನೀ ಹೇಳಿದ್ದು ಖರೆ. ಸೋತವನ ರೆಕ್ಕಿ ಇಲ್ಲಿಂದ ಕಾಣತೈತಿ. ನನ್ನದೂ ಕಂಡಿರಬೇಕು. ತಪ್ಪಾತು. ಇನ್ನ ಮ್ಯಾಲ ನನಗೂ ಒಂದು ಪಾಳಿ ಕೊಡ್ತಿಯೇನು?"

"ಎಲ್ಲಾರಿಗೂ ಐತಿ, ನಿನಗೂ ಐತಿ" ಎಂದಳು ಅವಳು.

ಬೆಟ್ಟದ ಆಚೆ ಇಳಿಜಾರು. ಗಾಳಿ ಈಗ ಹಿಂದಿನಿಂದ ತಳ್ಳುತ್ತಿತ್ತು. ದೂರದಲ್ಲಿ ಅವರ ಸರೋವರ ಬಿಸಿಲಿಗೆ ಹೊಳೆಯಿತು. ಮೊನೆಯ ಪಾಳಿ ಮತ್ತೆ ಸೀಗವ್ವನದೇ ಆಗಿತ್ತು. ಅವಳು ಮೆಲ್ಲಗೆ ಪಕ್ಕಕ್ಕೆ ಸರಿದು ತಿರುಗಿ ನೋಡಿದಳು.

"ಅವ್ವಾ, ಮುಂದ ಬಾ."

"ಹುಚ್ಚೀ, ನನಗ ವಯಸ್ಸಾತು."

"ಇಲ್ಲಿ ಗಾಳಿ ನಮ್ಮನ್ನ ಹೊತ್ಕೊಂಡು ಹೋಗತೈತಿ. ನೀ ಕಲ್ಲು ಹತ್ತಿ ಗೆದ್ದಾಕಿ, ಅವ್ವಾ. ಅವತ್ತ ಸಿಗಬೇಕಾದ ಜಾಗ ಇದು. ಬಾ."

ತಂಗೆವ್ವ ಒಂದೊಂದೇ ಹಕ್ಕಿಯನ್ನು ದಾಟಿ ಮುಂದೆ ಬಂದಳು. ಗಂಡುಗಳು ದಾರಿ ಬಿಟ್ಟವು. ಹುಟ್ಟಿದಾಗಿನಿಂದ ಬೇರೆಯವರ ಬಾಲ ನೋಡುತ್ತ ಹಾರಿದ್ದ ಆ ಮುದುಕಿಯ ಎದುರು ಈಗ ಒಂದು ಹಕ್ಕಿಯೂ ಇರಲಿಲ್ಲ, ಬರೀ ಆಕಾಶ ಮತ್ತು ನೀರು. ಅವಳು ಕೊರಳೆತ್ತಿ ಒಂದು ಸಲ ಕೂಗಿದಳು. ಇಡೀ ಹಿಂಡು ಅವಳ ಜೊತೆ ಕೂಗಿತು. ಮೊದಲು ಅವಳ ಪಾದ, ಆಮೇಲೆ ಎಲ್ಲರ ಪಾದ ಸರೋವರವನ್ನು ಮುಟ್ಟಿದವು.

ನೀತಿ: ಅರ್ಧ ಹಿಂಡನ್ನು ಹಿಂದಕ್ಕೆ ತಳ್ಳಿದರೆ ಇಡೀ ಹಿಂಡೇ ಹಿಂದುಳಿಯುತ್ತದೆ, ಹೆಣ್ಣು ಗಂಡೆನ್ನದೆ ಎಲ್ಲರಿಗೂ ಅವಕಾಶ ಕೊಟ್ಟವರು ಬೆಟ್ಟವನ್ನೂ ದಾಟುತ್ತಾರೆ.