ಹೆಣದ ಪಾರ್ಟು

"ಯಾವ ಪಾರ್ಟು ಅಂತ ಕೇಳಿ ಹೊಟ್ಟೆ ಉರಿಸಬೇಡ ಕಣೋ. ಹೆಣದ ಪಾರ್ಟು. ಪರದೆ ಏಳೋ ಹೊತ್ತಿಗೇ ಸತ್ತಿರ್ತೀನಿ. ಬೀಳೋವರೆಗೂ ಸತ್ತೇ ಇರ್ತೀನಿ. ಮೂರು ವರ್ಷ ನಾಟಕ ಓದಿದ್ದಕ್ಕೆ ಇದು!"

ಹಾಸ್ಟೆಲಿನ ಗೆಳೆಯನಿಗೆ ಹೀಗಂದು ಮಾದೇಶ ನೇರ ಗುರುಗಳ ಹತ್ರ ಹೋದ.

ಗುರುಗಳು ಅಂದ್ರೆ ತಿಪ್ಪೇಸ್ವಾಮಿ ಮೇಷ್ಟ್ರು. ವಿಶ್ವವಿದ್ಯಾಲಯದ ನಾಟಕ ವಿಭಾಗದ ಹಿಂದೆ ಬೇವಿನ ಮರದ ಕೆಳಗೆ ಕೂತು ಕಡ್ಲೆಕಾಯಿ ಸುಲೀತಿದ್ರು.

"ಮೇಷ್ಟ್ರೇ, ಹೋದ ಸಲ ಪ್ರಾಕ್ಟಿಕಲ್‌ನಲ್ಲಿ ಫೇಲಾಗಿದೀನಿ. ಈ ಸಲಾನೂ ಹೋದ್ರೆ ಡಿಗ್ರಿ ಇಲ್ಲ. ರಾಜಕುಮಾರನ ಪಾರ್ಟು ಕೊಡಿ."

"ಅದು ಯತಿರಾಜನಿಗೆ ಕೊಟ್ಟಾಯ್ತು."

"ನನ್ನ ಧ್ವನಿ ಅವನಿಗಿಂತ ದೊಡ್ಡದು."

"ಹೌದಪ್ಪ. ಬಸ್ ಸ್ಟಾಂಡ್‌ವರೆಗೂ ಹೋಗತ್ತೆ. ಪಕ್ಕದಲ್ಲಿರೋನ ಹತ್ರ ಮಾತ್ರ ಹೋಗಲ್ಲ."

"ಹೆಣಕ್ಕೆ ಎಷ್ಟು ಮಾರ್ಕ್ಸ್ ಕೊಡ್ತಾರೆ?"

"ಬದುಕಿರೋರಿಗೆ ಎಷ್ಟೋ ಅಷ್ಟೇ. ಮಲಕ್ಕೋ."

ಮಾದೇಶ ಅಲ್ಲೇ ಮಲಗಿದ. ಕಣ್ಣು ಮುಚ್ಚಿ ಮುಖ ಗಂಭೀರ ಮಾಡ್ಕೊಂಡ.

"ನಟಿಸ್ತಿದೀಯ."

"ಸುಮ್ನೆ ಮಲಗಿದೀನಿ ಮೇಷ್ಟ್ರೇ."

"ಸುಮ್ನೆ ಮಲಗಿರೋ ಹಾಗೆ ನಟಿಸ್ತಿದೀಯ."

ಮೇಷ್ಟ್ರು ಕಡ್ಲೆಕಾಯಿ ಎಲ್ಲಾ ತಿಂದು ಮುಗಿಸಿದ್ರು. ಆಮೇಲೆ ಕೇಳಿದ್ರು.

"ಒಳಗೆ ಹುಡುಗೀರು ಹಾಡು ಕಲೀತಿದ್ರಲ್ಲ, ಯಾವ ಹಾಡು?"

"ಗೊತ್ತಿಲ್ಲ. ನಾನು ಸತ್ತಿದ್ದೆ."

"ಮೈ ಸಾಯಿಸು ಅಂದ್ರೆ ಕಿವಿ ಯಾಕೋ ಸಾಯಿಸಿದೆ?"

ರಿಹರ್ಸಲ್ ಶುರುವಾಯ್ತು. ನಾಟಕ ಇಷ್ಟೇ: ಯುದ್ಧದಲ್ಲಿ ಸತ್ತ ರಾಜ ನಡುವೆ ಮಲಗಿರ್ತಾನೆ, ಸುತ್ತ ಎಲ್ಲರೂ ಅಳ್ತಾರೆ, ಕೊನೆಗೆ ರಾಜಕುಮಾರ ಶಪಥ ಮಾಡ್ತಾನೆ.

ಒಂದು ದಿನ ಹೆಣ ಸೀನಿತು. ಇನ್ನೊಂದು ದಿನ ಗೊರಕೆ ಹೊಡೀತು. ಆ ದಿನ ರಾಣಿ ಅಳೋದು ಬಿಟ್ಟು ನಕ್ಕುಬಿಟ್ಟಳು.

ಮಾದೇಶ ಮತ್ತೆ ಮಲಗಿದ. ಮಾಡೋಕೆ ಬೇರೇನೂ ಇಲ್ಲ, ಕೇಳ್ತಾ ಹೋದ. ರಾಣಿಯ ಮಾತು ಕೇಳಿದ, ಮಂತ್ರಿಯದು ಕೇಳಿದ, ಯತಿರಾಜ ಎಲ್ಲೆಲ್ಲಿ ಉಸಿರು ತಗೋತಾನೆ ಅನ್ನೋದೂ ಕೇಳಿದ.

ಒಂದು ಸಂಜೆ ಬಾಗಿಲು ಹಾಕೋಕೆ ಬಂದ ವಾಚ್‌ಮನ್, ಹಾರ ಹಾಕಿಕೊಂಡು ಮಲಗಿದ್ದವನ ನೋಡಿ ಚಪ್ಪಲಿ ಬಿಟ್ಟು ಕೈ ಮುಗಿದ.

"ಪರವಾಗಿಲ್ಲ," ಅಂದ್ರು ಮೇಷ್ಟ್ರು. "ಒಬ್ಬ ಪ್ರೇಕ್ಷಕ ಸಿಕ್ಕ."

ಪರೀಕ್ಷೆಯ ದಿನ ಬಂತು. ಮುಂದಿನ ಸಾಲಲ್ಲಿ ಹೊರಗಿಂದ ಬಂದ ಪರೀಕ್ಷಕರು. ಅವರ ಹಿಂದೆ ಮಾದೇಶನ ಅಮ್ಮ. ನಾಟಕಕ್ಕೂ ಒಂದು ಡಿಗ್ರಿನಾ ಅಂತ ಮೂರು ವರ್ಷದಿಂದ ಕೇಳ್ತಿದ್ದೋರು, ಮೊದಲ ಸಲ ನೋಡೋಕೆ ಬಂದಿದ್ರು. ಯಾವ ಪಾರ್ಟು ಅಂತ ಮಗ ಹೇಳಿರಲಿಲ್ಲ.

ಎಲ್ಲಾ ಸರಿಯಾಗೇ ನಡೀತು. ಶಪಥದ ಹೊತ್ತು ಬಂತು. ಯತಿರಾಜ ಕತ್ತಿ ಎತ್ತಿದ. ಬಾಯಿ ತೆರೆದ.

ಮಾತು ಬರಲಿಲ್ಲ.

ಪಕ್ಕದ ಪರದೆ ಕಡೆ ನೋಡಿದ. ಅಲ್ಲಿ ಮಾತು ಎತ್ತಿಕೊಡಬೇಕಾದವನು ಮಂತ್ರಿಯ ಗಡ್ಡ ಹುಡುಕೋಕೆ ಹೋಗಿದ್ದ.

ಮಾದೇಶನಿಗೆ ಒಂದು ಗಳಿಗೆ ಖುಷಿ ಆಯ್ತು. ಸುಳ್ಳು ಯಾಕೆ ಹೇಳೋದು.

ಯತಿರಾಜ ಕತ್ತಿ ಕೆಳಗಿಟ್ಟು ಹೆಣದ ಎದೆ ಮೇಲೆ ಬಿದ್ದ. ಅಳ್ತಿದ್ದ, ನಿಜವಾಗ್ಲೂ. ಆ ನಡುಕ ಮಾದೇಶನ ಪಕ್ಕೆಗೆ ತಾಗ್ತು.

ತುಟಿ ಅಲ್ಲಾಡಿದ್ದು ಪರೀಕ್ಷಕರಿಗೆ ಕಂಡ್ರೆ ಡಿಗ್ರಿ ಹೋದಂಗೇ. ಯತಿರಾಜನ ವಿಗ್ಗಿನ ಕೂದಲು ಮಾದೇಶನ ಬಾಯಿ ಮೇಲೆ ಬಿದ್ದಿತ್ತು. ಅರ್ಧ ಬಾಯೊಳಗೇ ಹೋಗಿತ್ತು. ಅದರ ಮರೆಯಲ್ಲಿ ಹೆಣ ಉಸಿರಿಗಿಂತ ಸಣ್ಣದಾಗಿ ಹೇಳಿತು:

"ಈ ಕತ್ತಿ ನಿನ್ನದು."

ರಾಜಕುಮಾರ ಬೆಚ್ಚಿಬಿದ್ದ. ಎಷ್ಟು ದುಃಖ ಪಾಪ, ಅಂದುಕೊಂಡ್ರು ಜನ.

"ಈ ಕತ್ತಿ ನಿನ್ನದು," ಅಂದ ರಾಜಕುಮಾರ.

"ಈ ಕೈಯೂ ನಿನ್ನದು."

"ಈ ಕೈಯೂ ನಿನ್ನದು."

ಒಂದೊಂದು ಮಾತಿಗೂ ಮಗ ತಂದೆಯ ಎದೆಗೆ ಕಿವಿ ಇಡ್ತಾನೆ, ಕಾಯ್ತಾನೆ, ತಲೆ ಎತ್ತಿ ಹೇಳ್ತಾನೆ. ಸಭೆಯಲ್ಲಿ ಯಾರೂ ಕೆಮ್ಮಲಿಲ್ಲ. ಪರೀಕ್ಷಕರು ಪೆನ್ನು ಕೆಳಗಿಟ್ಟು ಕನ್ನಡಕ ಒರೆಸಿಕೊಂಡ್ರು.

ಪರದೆ ಬಿತ್ತು. ಚಪ್ಪಾಳೆ ನಿಲ್ಲಲೇ ಇಲ್ಲ. ಪರದೆ ಮತ್ತೆ ಎದ್ದಾಗ ಯತಿರಾಜ ಹೆಣದ ಕೈ ಹಿಡಿದು ಎಬ್ಬಿಸಿ, ತನಗಿಂತ ಮುಂದೆ ನಿಲ್ಲಿಸಿದ. ಜನ ಎದ್ದು ನಿಂತ್ರು. ಮಾದೇಶ ವಿಗ್ಗಿನ ಕೂದಲು ಉಗಿದು ಕೈ ಮುಗಿದ.

"ಸತ್ತವರ ಎದೆಗೆ ಕಿವಿ ಇಟ್ಟು ಶಪಥ ಮಾಡೋದು! ಯಾರ ಐಡಿಯಾ ಮೇಷ್ಟ್ರೇ?" ಅಂತ ಪರೀಕ್ಷಕರು ಕೇಳಿದ್ರು.

"ಸತ್ತವರನ್ನೇ ಕೇಳಬೇಕು," ಅಂದ್ರು ಮೇಷ್ಟ್ರು.

ಕೇಳಿದ್ರು. ಹೆಣ ಎಲ್ಲಾ ಒಪ್ಪಿಕೊಂಡಿತು. ಪರೀಕ್ಷಕರು ಮೊದಲು ಬರೆದಿದ್ದ ಮಾರ್ಕ್ಸ್ ಹೊಡೆದುಹಾಕಿ ಬೇರೆ ಬರೆದ್ರು. ಅಷ್ಟು ಮಾರ್ಕ್ಸ್ ಆ ವಿಭಾಗದಲ್ಲಿ ಬದುಕಿರೋರಿಗೂ ಯಾವತ್ತೂ ಬಂದಿರಲಿಲ್ಲ.

ಬಣ್ಣ ತೊಳ್ಕೊಂಡು ಮಾದೇಶ ಮರದ ಕೆಳಗೆ ಬಂದ.

"ಮೇಷ್ಟ್ರೇ, ಹೆಣ ಮಾತಾಡಿದ್ದು ತಪ್ಪಲ್ವಾ?"

"ಎಷ್ಟು ಜನಕ್ಕೆ ಕೇಳಿಸ್ತು?"

"ಒಬ್ಬನಿಗೆ."

"ಹೌಸ್‌ಫುಲ್," ಅಂದ್ರು ಮೇಷ್ಟ್ರು.

ಮಾರನೇ ದಿನ ಮಾದೇಶ ಊರಿಗೆ ಹೋದ. ನಾಟಕದ ಬಗ್ಗೆ ಅಮ್ಮ ಏನೂ ಹೇಳಲಿಲ್ಲ, ಇವನೂ ಕೇಳಲಿಲ್ಲ. ಊಟ ಮಾಡಿ, ಸುಸ್ತಾಗಿ ನಡುಮನೆಯಲ್ಲಿ ಹಾಗೇ ಕಾಲು ಚಾಚಿ ಕಣ್ಣು ಮುಚ್ಚಿದ.

ತಟ್ಟೆ ಎತ್ತೋಕೆ ಬಂದ ಅಮ್ಮ ಅಲ್ಲೇ ನಿಂತ್ರು.

"ಮಾದು, ಅಂಗಾತ ಮಲಗಬೇಡ ಕಣಪ್ಪ. ಮಗ್ಗುಲಾಗು."